ಎಂಬಿಎ ಕಾಲೇಜಿನ ಹೆಸರಿಗೆ ಕೆಲಸದ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ?

ಸಾಲ ಮಾಡಿ ಹೆಸರಾಂತ ಬಿ-ಸ್ಕೂಲಿಗೆ ಸೇರಬೇಕೋ, ಅಷ್ಟೇನೂ ಹೆಸರಿಲ್ಲದ ಕಡೆ ಸಿಕ್ಕಿರುವ ಸ್ಕಾಲರ್‌ಶಿಪ್ ಹಿಡಿಯಬೇಕೋ ಅಂತ ಕೇಳಿದ್ದೀರಿ. ಯಾವ ಕೆಲಸಕ್ಕೆ ಹೋಗಬೇಕೆಂದಿದ್ದೀರಿ ಅಂತ ಮಾತ್ರ ಬರೆದಿಲ್ಲ. ಉತ್ತರದ ಮುಕ್ಕಾಲು ಪಾಲು ನಿಂತಿರುವುದೇ ಅದರ ಮೇಲೆ.

ಹೆಸರು ನಿಜವಾಗಿ ಕೊಡಿಸುವುದು ಮೊದಲ ಇಂಟರ್‌ವ್ಯೂ. ಮೆಕಿನ್ಸಿ, ಬಿಸಿಜಿ, ಬೇನ್‌ನಂಥ ಕನ್ಸಲ್ಟಿಂಗ್ ಕಂಪನಿಗಳು ಮತ್ತು ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು ಎಂಬಿಎ ನೇಮಕಾತಿಗೆ ಹೆಚ್ಚಾಗಿ ತಾವು ಗುರುತಿಟ್ಟುಕೊಂಡ ಕೆಲವೇ ಕ್ಯಾಂಪಸ್ಸುಗಳಿಗೆ ಹೋಗುತ್ತವೆ. ಕಾರಣ ಸರಳ: ಆ ಸ್ಕೂಲುಗಳ ಪ್ರವೇಶ ಪ್ರಕ್ರಿಯೆಯೇ ಒಮ್ಮೆ ಜರಡಿ ಹಿಡಿದಿರುತ್ತದೆ, ಕಂಪನಿಗೆ ಹುಡುಕುವ ಖರ್ಚು ಉಳಿಯುತ್ತದೆ. ಪದವಿ ಅನ್ನುವುದು ಸಾಮರ್ಥ್ಯದ ಸಂಕೇತವಾಗಿಯೂ ಕೆಲಸ ಮಾಡುತ್ತದೆ ಅಂತ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ವಿವರಿಸಿದ್ದರು. ಎರಡು ವರ್ಷದ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಆಯ್ಕೆ ಸೇರಿದ ಕೆಲವೇ ತಿಂಗಳಲ್ಲಿ ಶುರುವಾಗುತ್ತದೆ, ಕಾಯಂ ಆಫರ್‌ಗಳಲ್ಲಿ ದೊಡ್ಡ ಪಾಲು ಅದರಿಂದಲೇ ಬರುತ್ತದೆ. ಕೇಸ್ ಇಂಟರ್‌ವ್ಯೂಗೆ (ಒಂದು ವ್ಯವಹಾರದ ಸಮಸ್ಯೆ ಕೊಟ್ಟು ಬಿಡಿಸಲು ಹೇಳುವ ಸಂದರ್ಶನಕ್ಕೆ) ಕೋರ್ಸಿಗೆ ಸೇರಿದ ಮೇಲೆ ತಯಾರಾದರಾಯ್ತು ಅಂದುಕೊಂಡವರು ಒಳ್ಳೆಯ ಸ್ಕೂಲಿನಲ್ಲಿದ್ದೂ ಹಿಂದೆ ಬೀಳುವುದು ಇದಕ್ಕೇ.

ಮಾರ್ಕೆಟಿಂಗ್, ಆಪರೇಷನ್ಸ್, ಎಚ್‌ಆರ್‌ನಲ್ಲಿ ಹೆಸರಿನ ಬಿಗಿ ಅಷ್ಟಿಲ್ಲ. ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಹಿಂದಿನ ಅನುಭವವೇ ಹೆಚ್ಚು ತೂಗುತ್ತದೆ.

ಹೆಸರಿದ್ದ ಮಾತ್ರಕ್ಕೆ ಕೆಲಸ ಖಾತ್ರಿಯಲ್ಲ. ಹಾರ್ವರ್ಡ್‌ನ 2024ರ ಎಂಬಿಎ ಬ್ಯಾಚಿನಲ್ಲಿ ಕೆಲಸ ಹುಡುಕುತ್ತಿದ್ದವರ ಪೈಕಿ ಶೇ 23 ಮಂದಿಗೆ ಪದವಿ ಮುಗಿದು ಮೂರು ತಿಂಗಳಾದರೂ ಕೆಲಸ ಸಿಕ್ಕಿರಲಿಲ್ಲ.

ಹಾಗಾಗಿ ರ್‍ಯಾಂಕಿಂಗ್ ಪಕ್ಕಕ್ಕಿಟ್ಟು ಎರಡೂ ಸ್ಕೂಲುಗಳ ಪ್ಲೇಸ್‌ಮೆಂಟ್ ವರದಿ ತರಿಸಿಕೊಳ್ಳಿ. ಮೊದಲು ನೋಡಬೇಕಾದ್ದು, ಶೇಕಡಾವಾರು ಲೆಕ್ಕ ಹಾಕಿರುವುದು ಎಷ್ಟು ಜನರ ಮೇಲೆ ಅನ್ನುವುದನ್ನು. ಬ್ಯಾಚಿನಲ್ಲಿ 100 ಮಂದಿ ಇದ್ದು, 70 ಮಂದಿ ಕೆಲಸ ಹುಡುಕಿ, 63 ಮಂದಿಗೆ ಸಿಕ್ಕರೆ ವರದಿಯಲ್ಲಿ ಶೇ 90 ಅಂತಿರುತ್ತದೆ. ಉಳಿದ 30 ಮಂದಿ ಎಲ್ಲಿ ಹೋದರು ಅಂತ ಕೇಳಲೇಬೇಕು: ಕೆಲವರು ಸ್ವಂತ ಉದ್ಯಮಕ್ಕೆ, ಕೆಲವರು ಹಳೆಯ ಕಂಪನಿಗೆ ಹೋಗಿರಬಹುದು, ಕೆಲವರು ಹುಡುಕುವುದನ್ನೇ ಬಿಟ್ಟಿರಬಹುದು. ಸಂಬಳದಲ್ಲಿ ಸರಾಸರಿ ಬೇಡ, ಮೀಡಿಯನ್ (ಎಲ್ಲರ ಸಂಬಳವನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಮೊತ್ತ) ನೋಡಿ. ಒಂದೆರಡು ಭಾರಿ ಆಫರ್ ಇದ್ದರೆ ಸರಾಸರಿ ಮೇಲಕ್ಕೆ ಜಿಗಿಯುತ್ತದೆ. ಕಂಪನಿಗಳ ಲೋಗೋ ನೋಡಿ ಮರುಳಾಗಬೇಡಿ. ಕಳೆದ ಮೂರು ವರ್ಷ ಪ್ರತಿ ಕಂಪನಿ ಎಷ್ಟು ಜನರನ್ನು, ಯಾವ ಹುದ್ದೆಗೆ ತೆಗೆದುಕೊಂಡಿತು ಅಂತ ಪ್ಲೇಸ್‌ಮೆಂಟ್ ಆಫೀಸಿಗೆ ಇಮೇಲ್ ಹಾಕಿ. ಕೊಡಲು ಹಿಂಜರಿದರೆ ಅದನ್ನೇ ಉತ್ತರ ಅಂತ ತಿಳಿಯಬಹುದು.

ವರದಿಗಿಂತ ನಾನು ಹೆಚ್ಚು ನಂಬುವುದು ಲಿಂಕ್ಡ್‌ಇನ್ ಅನ್ನು. ಸ್ಕೂಲಿನ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳ ವಿಭಾಗ ತೆರೆದು, 5 ಮತ್ತು 10 ವರ್ಷದ ಹಿಂದೆ ಮುಗಿಸಿದವರನ್ನು ವರ್ಷದ ಫಿಲ್ಟರ್ ಹಾಕಿ ಹುಡುಕಿ. ನಿಮಗೆ ಬೇಕಾದ ಹುದ್ದೆಯಲ್ಲಿ ಇರುವವರು ಎಂಬಿಎಗೆ ಮೊದಲು ಏನು ಮಾಡುತ್ತಿದ್ದರು ಅನ್ನುವುದನ್ನು ತಪ್ಪದೆ ನೋಡಿ. ಮೊದಲೇ ಬ್ಯಾಂಕಿನಲ್ಲಿದ್ದವರು ಮತ್ತೆ ಬ್ಯಾಂಕಿಗೇ ಹೋಗಿದ್ದರೆ ಅದರ ಶ್ರೇಯ ಸ್ಕೂಲಿನದಲ್ಲ. ನಿಮ್ಮಂಥದೇ ಹಿನ್ನೆಲೆಯಿಂದ ಹೋಗಿ ದಾರಿ ಬದಲಿಸಿದವರು ನಾಲ್ಕಾರು ಜನ ಸಿಕ್ಕರೆ ಆ ಸ್ಕೂಲಿಗೆ ನಿಜವಾಗಿ ಬಲವಿದೆ.

ಬಿ-ಸ್ಕೂಲುಗಳಿಗೆ ಸಿಗುವ ಎಎಸಿಎಸ್‌ಬಿ, ಈಕ್ವಿಸ್, ಎಎಂಬಿಎ ಎಂಬ ಅಂತಾರಾಷ್ಟ್ರೀಯ ಮಾನ್ಯತೆಗಳು ಬೋಧನೆಯ ಕನಿಷ್ಠ ಗುಣಮಟ್ಟ ಹೇಳುತ್ತವೆ, ಕಂಪನಿಗಳನ್ನು ಕರೆತರುವುದಿಲ್ಲ. ಎರಡು ಮೂರು ಕೆಲಸ ಬದಲಿಸುವ ಹೊತ್ತಿಗೆ ಎದುರಿಗೆ ಕೂತವರು ಕೇಳುವುದು ನೀವು ಮಾಡಿದ ಕೆಲಸವನ್ನು. ಸ್ಕೂಲಿನಿಂದ ಆಗಲೂ ಉಳಿಯುವುದು ಹಳೆಯ ವಿದ್ಯಾರ್ಥಿಗಳ ಪರಿಚಯ.

ಕನ್ಸಲ್ಟಿಂಗೋ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗೋ ನಿಮ್ಮ ಗುರಿಯಾದರೆ ನಾನು ಹೆಸರಿನ ಕಡೆ ವಾಲುತ್ತೇನೆ, ಆದರೆ ಮೀಡಿಯನ್‌ಗಿಂತ ಕಡಿಮೆ ಸಂಬಳದಲ್ಲೂ ಕಂತು ಕಟ್ಟಲು ಆಗಬೇಕು. ಬೇರೆ ಕ್ಷೇತ್ರವಾದರೆ ಸ್ಕಾಲರ್‌ಶಿಪ್ ಬಿಡಬೇಡಿ. ಅದು ಎರಡನೇ ವರ್ಷಕ್ಕೂ ಇದೆಯೇ, ಎಷ್ಟು ಅಂಕ ಉಳಿಸಿಕೊಳ್ಳಬೇಕು ಅಂತ ಲಿಖಿತವಾಗಿ ಕೇಳಿಕೊಳ್ಳಿ. ಇನ್ನೊಂದು, ಆ ಸ್ಕಾಲರ್‌ಶಿಪ್ ಪತ್ರವನ್ನು ಹೆಸರಾಂತ ಸ್ಕೂಲಿನ ಅಡ್ಮಿಷನ್ ಆಫೀಸಿಗೆ ಕಳಿಸಿ ಶುಲ್ಕ ಕಡಿಮೆ ಮಾಡಲು ಸಾಧ್ಯವೇ ಅಂತ ವಿನಯದಿಂದ ಕೇಳಿ. ಸೀಟು ಕಾಯ್ದಿರಿಸಲು ಠೇವಣಿ ಕಟ್ಟುವ ಕೊನೆಯ ದಿನಾಂಕಕ್ಕೆ ಮೊದಲೇ ಕೇಳಬೇಕು, ಕಟ್ಟಿದ ಮೇಲೆ ಅವರಿಗೆ ಕಡಿಮೆ ಮಾಡುವ ಅಗತ್ಯವೇ ಇರುವುದಿಲ್ಲ.