ನಕ್ಷತ್ರ ಎಣಿಸಬೇಡಿ, ಪುಸ್ತಕದ ಅಂಚು ನೋಡಿ

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಗ್ರಂಥಾಲಯ ಅಂದರೆ ನಾಲ್ಕು ಕಬ್ಬಿಣದ ಕಪಾಟು, ಒಂದು ಮೇಜು, ಮಳೆಗಾಲದಲ್ಲಿ ಸೋರುವ ಒಂದು ಮೂಲೆ, ಅಷ್ಟೇ. ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಅಲ್ಲೇ ಇರುತ್ತೇನೆ. ಸಾಹಸ, ಮಾಯಾಜಾಲ, ಪ್ರೇಮ ಇಂಥ ಜನಪ್ರಿಯ ಕಾದಂಬರಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಂದವುಗಳಲ್ಲಿ ಮುಕ್ಕಾಲು ಪಾಲು, ಮೇಜಿನ ಆಚೆ ನಿಂತು ಜನ ಪ್ರತಿ ಭಾನುವಾರ ಕೇಳುವ ಪ್ರಶ್ನೆಗಳೇ. ಉತ್ತರ ಹೇಳಿ ಹೇಳಿ ಬಾಯಿ ಒಣಗಿದೆ. ಒಮ್ಮೆ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಮೊಬೈಲಿನಲ್ಲಿ 4.6 ನಕ್ಷತ್ರ ಇತ್ತು ಅಂತ ಆರುನೂರು ಪುಟದ ಫ್ಯಾಂಟಸಿ ಕಾದಂಬರಿ ತರಿಸಿದೆ. ಎಂಬತ್ತನೇ ಪುಟಕ್ಕೇ ನಿಂತುಹೋಯಿತು. ನಾನು ದಡ್ಡನಾ, ಪುಸ್ತಕ ಕೆಟ್ಟದಾ? ಒಳ್ಳೆಯ ಕಾದಂಬರಿ ಹುಡುಕುವುದು ಹೇಗೆ?
— ಗೋರೆಗಾಂವ್‌ನ ಓದುಗರು

ನೀವು ದಡ್ಡರಲ್ಲ. ಪುಸ್ತಕದ ಬಗ್ಗೆ ನಾನೇನೂ ಹೇಳಲಾರೆ, ಓದಿಲ್ಲ. ಆದರೆ ಆ 4.6ರ ಬಗ್ಗೆ ಹೇಳಬಲ್ಲೆ.

ನಕ್ಷತ್ರ ಕೊಡುವವರು ಯಾರು? ಹೆಚ್ಚಾಗಿ ಪುಸ್ತಕ ಮುಗಿಸಿದವರು. ನಿಮ್ಮ ಹಾಗೆ ಎಂಬತ್ತನೇ ಪುಟಕ್ಕೆ ಮುಚ್ಚಿಟ್ಟವರು ಸುಮ್ನೆ ಇದ್ದುಬಿಡುತ್ತಾರೆ. ನೀವಾದರೂ ಕೊಟ್ಟಿರಾ? ಇಲ್ಲ ತಾನೇ! ಐದು ಭಾಗಗಳ ಸರಣಿ ಇದ್ದರೆ ನೋಡಿ, ಮೊದಲ ಭಾಗಕ್ಕಿಂತ ಮೂರನೆಯದಕ್ಕೆ ನಕ್ಷತ್ರ ಜಾಸ್ತಿ ಇರುತ್ತದೆ. ಬರೆಯುವವರ ಕೈ ಪಳಗಿತು ಅಂತ ಜನ ತಿಳಿಯುತ್ತಾರೆ. ಹಿಡಿಸದವರೆಲ್ಲ ಮೊದಲ ಭಾಗಕ್ಕೇ ಇಳಿದು ಹೋಗಿರುತ್ತಾರೆ ಮಾರಾಯ್ರೇ, ಮೂರನೆಯದಕ್ಕೆ ಉಳಿದವರು ಭಕ್ತರು. ಭಕ್ತರ ಹತ್ತಿರ ದೇವರ ಬಗ್ಗೆ ಕೇಳಿದರೆ ಇನ್ನೇನು ಹೇಳುತ್ತಾರೆ?

ನಾನೂ ಈ ಹಳ್ಳಕ್ಕೆ ಬಿದ್ದವನೇ. ಕೆಲವು ವರ್ಷದ ಹಿಂದೆ ಸಂಘದ ದುಡ್ಡಿನಲ್ಲಿ ಒಂದು ಸರಣಿಯ ಐದೂ ಭಾಗ ಒಟ್ಟಿಗೆ ತರಿಸಿದೆ. ಸೆಟ್ಟಿಗೆ ರಿಯಾಯಿತಿ ಇತ್ತು, ಆಸೆಯಾಯಿತು. ಯಾರಾದರೂ ಒಯ್ದಾಗಲೆಲ್ಲ ಮೊಹರು ಒತ್ತುವ ತಾರೀಕು ಚೀಟಿ ಮೊದಲ ಭಾಗದಲ್ಲಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿದ್ದೇನೆ. ಮೂರನೆಯದರಲ್ಲಿ ಎಂಟು ಮೊಹರು. ಐದನೆಯದರಲ್ಲಿ ಒಂದೇ, ಅದೂ ನನ್ನದು. ಆ ವರ್ಷದ ವಾರ್ಷಿಕ ಸಭೆಯಲ್ಲಿ ಖಜಾಂಚಿಯವರು ಆ ಐದು ಪುಸ್ತಕ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಾಯಲ್ಲಿ ಏನೂ ಹೇಳಲಿಲ್ಲ. ಅವತ್ತಿನಿಂದ ಯಾವ ಸರಣಿಯದೂ ಎರಡನೇ ಭಾಗವನ್ನು, ಮೊದಲನೆಯದನ್ನು ಮೂರು ಜನ ಓದಿ ಕೇಳುವವರೆಗೆ, ನಾನು ತರಿಸುವುದಿಲ್ಲ. ನೀವೂ ತರಿಸಬೇಡಿ.

ಓದದೆಯೇ ನಕ್ಷತ್ರ ಕೊಡುವವರೂ ಇದ್ದಾರೆ. 2023ರಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ಒಂದು ಹೊಸ ಕಾದಂಬರಿ ಬರುತ್ತದೆ ಎಂದು ಹೇಳಿದರು. ಕಥೆ ನಡೆಯುವುದು ರಷ್ಯಾದಲ್ಲಿ. ಅವರು ಹೇಳಿದ್ದು ಉಕ್ರೇನ್ ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ. ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಡುವ ಗುಡ್‌ರೀಡ್ಸ್ ಜಾಲತಾಣದಲ್ಲಿ ನೂರಾರು ಜನ ಒಂದೊಂದು ನಕ್ಷತ್ರ ಒಗೆದರು. ಪುಸ್ತಕ ಇನ್ನೂ ಅಂಗಡಿಗೇ ಬಂದಿರಲಿಲ್ಲ! ಅವರು ಪ್ರಕಟಣೆಯನ್ನೇ ತಡೆಹಿಡಿದರು. ಇನ್ನೊಂದು ಜಾತಿಯವರು ಪಾರ್ಸೆಲ್ ತಡವಾಗಿ ಬಂತು, ಮೂಲೆ ಮಡಚಿತ್ತು ಅಂತ ಒಂದು ನಕ್ಷತ್ರ ಕೊಡುತ್ತಾರೆ. ಇವೆಲ್ಲ ಕೂಡಿ, ಭಾಗಿಸಿ ಬಂದದ್ದು ನಿಮ್ಮ 4.6.

ನೋಡಲೇಬೇಕು ಅಂದರೆ ಮೂರು ನಕ್ಷತ್ರದವರು ಬರೆದದ್ದನ್ನು ಓದಿ. ಇಷ್ಟವಾದದ್ದು, ಆಗದ್ದು ಎರಡನ್ನೂ ಹೇಳುವವರು ಅವರೇ. ಬೈದವರು ಯಾಕೆ ಬೈದರು ಅಂತಲೂ ನೋಡಿ. ಪ್ರೇಮ ಕಾದಂಬರಿಗೆ ಯಾರೋ 'ಬರೀ ಪ್ರೀತಿ, ಬೇರೆ ಏನೂ ಇಲ್ಲ' ಅಂತ ಬೈದಿದ್ದರೆ, ನಿಮಗೆ ಬೇಕಾದ್ದು ಅದೇ ಆಗಿದ್ದರೆ, ಕಣ್ಣು ಮುಚ್ಚಿ ತರಿಸಿ.

ಇನ್ನು 'ಐದನೇ ಮುದ್ರಣ' ಎಂಬ ಕೆಂಪು ಪಟ್ಟಿ. ಕನ್ನಡ ಪುಸ್ತಕದ ಎರಡನೇ ಹಾಳೆ ತಿರುಗಿಸಿ. ಪುಟಗಳು, ಬೆಲೆ, ಬಳಸಿದ ಕಾಗದ 70 ಜಿಎಸ್‌ಎಂ ಎನ್ನುವ ಸಾಲುಗಳ ಜೊತೆಗೆ 'ಪ್ರತಿಗಳು' ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಇನ್ನೂರು ಪ್ರತಿಯಂತೆ ಐದು ಸಲ ಅಚ್ಚು ಹಾಕಿದರೆ ಒಟ್ಟು ಸಾವಿರ. ಒಂದೇ ಸಲ ಸಾವಿರ ಹಾಕಿದವರೂ ಅಲ್ಲಿಗೇ ಬಂದರು. ಈಗ ಬೇಕಾದಷ್ಟೇ ಅಚ್ಚು ಹಾಕಿಕೊಡುವ ಯಂತ್ರ ಬಂದ ಮೇಲೆ ಮುದ್ರಣದ ಸಂಖ್ಯೆಗೆ ಏನೂ ಅರ್ಥ ಉಳಿದಿಲ್ಲ. ಬೆನ್ನುಡಿಯನ್ನಂತೂ ಓದಲೇಬೇಡಿ. ಬರೆದವರು ಸ್ನೇಹಿತರು. 'ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ' ಎಂದು ಏಳುನೂರು ಪುಟದ ಪುಸ್ತಕದ ಬೆನ್ನ ಮೇಲೂ ನೋಡಿದ್ದೇನೆ.

ಹಾಗಾದರೆ ಏನು ನೋಡಬೇಕು? ನಾನು ಪುಸ್ತಕದ ಅಂಚು ನೋಡುತ್ತೇನೆ.

ಗ್ರಂಥಾಲಯದ ಅಥವಾ ಹಳೆಯ ಪುಸ್ತಕವನ್ನು ಮುಚ್ಚಿದ ಹಾಗೇ ಹಿಡಿದು, ಪುಟ ತಿರುಗಿಸುವ ಬದಿಯನ್ನು ಬೆಳಕಿಗೆ ಒಡ್ಡಿ. ಓದಿದಷ್ಟು ದೂರ ಬೆರಳಿನ ಕೊಳೆ ಹತ್ತಿರುತ್ತದೆ. ಕೆಲವು ಪುಸ್ತಕಗಳಲ್ಲಿ ಕಾಲು ಭಾಗದವರೆಗೆ ಕಂದು, ಆಮೇಲೆ ಅಚ್ಚ ಬಿಳಿ. ಅಲ್ಲಿಗೇ ಜನ ಇಳಿದಿದ್ದಾರೆ. ಕೆಲವು ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣ. ನಮ್ಮಲ್ಲಿ ತ್ರಿವೇಣಿಯವರ ಕಾದಂಬರಿಗಳು ಹಾಗಿವೆ. ಅವರು ತೀರಿಕೊಂಡದ್ದು 1963ರಲ್ಲಿ. ಇವತ್ತಿಗೂ ಆ ಪುಸ್ತಕಗಳ ಅಂಚು ಬಿಳಿಯಾಗಲು ನಮ್ಮ ಹೆಂಗಸರು ಬಿಟ್ಟಿಲ್ಲ. ಒಂದರ ಕೊನೆಯ ಅಧ್ಯಾಯದಲ್ಲಿ ಅರಿಶಿನದ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಕೂತಿದೆ. ಒಲೆ ಮೇಲೆ ಏನೋ ಇಟ್ಟುಕೊಂಡೇ ಓದಿದ್ದಾರೆ ಪುಣ್ಯಾತ್ಮರು. ಆ ಗುರುತಿನ ಮುಂದೆ ನಿಮ್ಮ 4.6 ಯಾವ ಲೆಕ್ಕ?

ತಾರೀಕು ಚೀಟಿಯೂ ಅಷ್ಟೇ. ನಮ್ಮಲ್ಲಿ ಹದಿನೈದು ದಿನದ ಗಡುವು. ಭಾನುವಾರ ಒಯ್ದು ಮುಂದಿನ ಭಾನುವಾರವೇ ತಂದದ್ದು ಸಾಲಾಗಿ ನಾಲ್ಕೈದು ಸಲ ಕಂಡರೆ ಆ ಪುಸ್ತಕ ಓದಿಸಿಕೊಳ್ಳುತ್ತದೆ ಎಂದು ಅರ್ಥ. ಹದಿನೈದನೇ ದಿನ ಸರಿಯಾಗಿ ತಂದಿದ್ದರೆ ಓದಿಲ್ಲ, ದಂಡಕ್ಕೆ ಹೆದರಿ ತಂದಿದ್ದಾರೆ.

ಹೊಸ ಪುಸ್ತಕಕ್ಕೆ ಅಂಚು ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಅಲ್ಲಿ ಮೊದಲ ಪುಟ ಓದಬೇಡಿ. ಮೊದಲ ಪುಟವನ್ನು ಎಲ್ಲರೂ ಉಜ್ಜಿ ಉಜ್ಜಿ ಹೊಳೆಸಿರುತ್ತಾರೆ. ಮೊಬೈಲಿನಲ್ಲಿ ಸ್ಯಾಂಪಲ್ ಅಂತ ಕೊಡುವುದೂ ಅದನ್ನೇ. ಮೂರನೇ ಒಂದು ಭಾಗದ ಹತ್ತಿರ ಎಲ್ಲಾದರೂ ತೆರೆಯಿರಿ, ಎರಡು ಪುಟ ಓದಿ. ಹೆಸರು ಮುಚ್ಚಿದರೂ ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದಾ? ಆ ಎರಡು ಪುಟದಲ್ಲಿ ಯಾರಿಗಾದರೂ ಏನಾದರೂ ಬೇಕಾಗಿದೆಯಾ? ಎರಡೂ ಇಲ್ಲದಿದ್ದರೆ ವಾಪಸ್ ಇಡಿ.

ಈಗ ನಿಮ್ಮ ಫ್ಯಾಂಟಸಿಗೆ ಬರೋಣ. ಮಾಯೆ ಎಷ್ಟಿದೆ ಎಂದು ನೋಡಬೇಡಿ. ಮಾಯೆಗೆ ಕಟ್ಟು ಎಲ್ಲಿದೆ ಎಂದು ನೋಡಿ. ಹಿರಣ್ಯಕಶಿಪುವಿನ ವರ ನೆನಪಿಸಿಕೊಳ್ಳಿ. ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಲ್ಲ, ಮೃಗವಲ್ಲ. ಷರತ್ತೆಲ್ಲ ಮೊದಲೇ ನಮ್ಮ ಮುಂದಿದೆ. ನರಸಿಂಹ ಬರುವುದು ಆ ಷರತ್ತುಗಳ ಸಂದಿಯಿಂದಲೇ, ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ. ಕೊನೆಗೆ ನೋಡುವವರಿಗೆ 'ಅರೆ, ಹೌದಲ್ಲ!' ಅನಿಸುತ್ತದೆ. ಮೋಸ ಹೋದೆ ಅನಿಸುವುದಿಲ್ಲ. ಈಗಿನ ಎಷ್ಟೋ ಫ್ಯಾಂಟಸಿಗಳಲ್ಲಿ ನಾಯಕ ಸಾಯುವ ಹೊತ್ತಿಗೆ ಅಜ್ಜಿಯ ಉಂಗುರ ಇದ್ದಕ್ಕಿದ್ದ ಹಾಗೆ ಹೊಳೆಯುತ್ತದೆ. ಆ ಉಂಗುರ ಹೊಳೆಯಬಲ್ಲದು ಎಂದು ಅಲ್ಲಿಯವರೆಗೆ ಒಂದು ಸಾಲೂ ಇಲ್ಲ. ಇದು ಮಾಯೆಯಲ್ಲ, ಸೋಮಾರಿತನ. ಕರ್ಣನಾದರೂ ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಎಂಬ ಮಾತಿಗೆ ಸಿಕ್ಕಿಬಿದ್ದ. ಆ ಮಾತು ಇಲ್ಲದಿದ್ದರೆ ಕರ್ಣಪರ್ವ ನೋಡಲು ಬೆಳಗಿನ ಜಾವದವರೆಗೆ ಯಾರು ಕೂರುತ್ತಿದ್ದರು?

ನಿಮ್ಮ ಪುಸ್ತಕದ ಎಂಬತ್ತು ಪುಟದಲ್ಲಿ ಏನಿತ್ತು, ನಾನು ಹೇಳಲಾ? ರಾಜವಂಶಗಳ ಹೆಸರು, ನಕ್ಷೆ, ಯಾರ ತಾತ ಯಾರನ್ನು ಸೋಲಿಸಿದ ಎಂಬ ಪಟ್ಟಿ. ಊಟಕ್ಕೆ ಕರೆದು ಅಡುಗೆಮನೆಯ ಪಾತ್ರೆ ಎಣಿಸಿ ತೋರಿಸಿದ ಹಾಗೆ. ಅಲ್ವಾ?

ಸಾಹಸ ಕಾದಂಬರಿಗೆ ಬೇರೆ ಪರೀಕ್ಷೆ. ಅಪಾಯ ದಾಟಿದ ಮೇಲೆ ಏನಾದರೂ ಕಳೆದಿದೆಯಾ ಎಂದು ನೋಡಿ. ದುಡ್ಡು, ಗೆಳೆಯ, ಬೆರಳು, ಧೈರ್ಯ, ಏನಾದರೂ ಸರಿ. ಪ್ರತಿ ಅಧ್ಯಾಯದಲ್ಲೂ ಪ್ರಪಾತಕ್ಕೆ ಬಿದ್ದು ಕ್ರಾಪು ಕೆಡದೆ ಎದ್ದು ಬರುವ ನಾಯಕನಿಗೆ ಏನಾಗುತ್ತದೋ ಎಂದು ನಾನು ಯಾಕೆ ಹೆದರಲಿ? ತೇಜಸ್ವಿಯವರ 'ಕರ್ವಾಲೊ' 1980ರದ್ದು. ಕೆಲವರು ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ, ಅಷ್ಟೇ. ನಿಧಿಯಿಲ್ಲ, ಭೂಪಟವಿಲ್ಲ. ಓದುತ್ತಾ ದಾದರ್‌ನಲ್ಲಿ ಇಳಿಯಬೇಕಾದವನು ಚರ್ಚ್‌ಗೇಟಿಗೆ ಹೋಗಿ ಇಳಿದಿದ್ದೇನೆ.

ಇನ್ನೊಂದು ಮಾತು. 'ಸುಧಾ' ಶುರುವಾದದ್ದು 1965ರಲ್ಲಿ, 'ತರಂಗ' 1983ರಲ್ಲಿ. ಅಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳು ನಮ್ಮ ಕಪಾಟಿನಲ್ಲಿ ತುಂಬಾ ಇವೆ. ಪ್ರತಿ ಕಂತಿನ ಕೊನೆಗೆ ಬಾಗಿಲು ಬಡಿಯುತ್ತದೆ, ಇಲ್ಲವೇ ಟೆಲಿಗ್ರಾಂ ಬರುತ್ತದೆ. ವಾರಕ್ಕೊಂದು ಸಲ ಬಡಿದರೆ ಎದೆ ಝಲ್ ಅನ್ನುತ್ತದೆ. ಒಂದೇ ರಾತ್ರಿಯಲ್ಲಿ ಮೂವತ್ತು ಸಲ ಬಡಿದರೆ ಎದ್ದು ಚಿಲಕ ಹಾಕೋಣ ಅನಿಸುತ್ತದೆ. ತಪ್ಪು ಬರೆದವರದ್ದಲ್ಲ. ದಿನಕ್ಕೆ ಎರಡು ಅಧ್ಯಾಯದಂತೆ ಓದಿ ನೋಡಿ. ಈಗ ಮೊಬೈಲಿನಲ್ಲಿ ಬರುವ ಕಂತು ಕಾದಂಬರಿಗಳಿಗೂ ಇದೇ ಮಾತು.

ಕೊಳ್ಳುವುದೇ ಆದರೆ ಮೊದಲು ಕಿಂಗ್ಸ್ ಸರ್ಕಲ್ ಅಥವಾ ಫೌಂಟನ್‌ನ ಫುಟ್‌ಪಾತಿಗೆ ಹೋಗಿ, ಹಳೆಯ ಪ್ರತಿ ಹಿಡಿಯಿರಿ. ಅಂಚು ನೋಡಲು ಅಲ್ಲಿ ಸಿಗುತ್ತದೆ. ಹೊಸದು, ಪ್ಲಾಸ್ಟಿಕ್ ಸುತ್ತಿದ್ದು, ಅರ್ಧ ಬೆಲೆಗೆ ಕೊಟ್ಟರೆ ಮಾತ್ರ ಬೇಡ. ಅದು ಕಳ್ಳ ಅಚ್ಚು. ಅಂಥದ್ದೊಂದು ಕೊಲೆ ಕಥೆ ತಂದು ಎರಡು ದಿನ ನಿದ್ದೆಗೆಟ್ಟು ಓದಿದೆ. ಕೊನೆಯ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟದ ಕಟ್ಟು, ಸೇರಿಸಿರಲೇ ಇಲ್ಲ. ಕೊಂದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಗಳು ಒಂಬತ್ತನೇ ಕ್ಲಾಸು. ಬರೀ ಪ್ರೇಮ ಕಾದಂಬರಿ ಓದುತ್ತಾಳೆ. ಕೊನೆಗೆ ಮದುವೆ ಆಗುತ್ತದೆ ಎಂದು ಗೊತ್ತಿದ್ದೂ ಅದೇನು ಓದುವುದು? ಹಾಳಾಗುತ್ತಾಳೇನೋ ಎಂಬ ಭಯ.
— ಪುಣೆಯ ತಾಯಿ

ಅಮ್ಮಾ, ಅಭಿಮನ್ಯು ಸಾಯುತ್ತಾನೆ ಎಂದು ಗೊತ್ತಿದ್ದೇ ನಾವು ಯಕ್ಷಗಾನಕ್ಕೆ ಹೋಗುತ್ತೇವೆ. ಕೊನೆ ಸುಖವಾಗಿರಬೇಕು ಎಂಬುದು ಪ್ರೇಮ ಕಾದಂಬರಿ ಓದುಗರಿಗೆ ಕೊಡುವ ಮಾತು. ಆ ಮಾತು ತಪ್ಪಿದರೆ ಓದುಗರು ಬೈಯುತ್ತಾರೆ, ಬೈಯಬೇಕು. ನೋಡಬೇಕಾದ್ದು ನಡುವಿನ ಅಡ್ಡಿಯನ್ನು. ಒಂದು ಫೋನ್ ಮಾಡಿದ್ದರೆ ಬಗೆಹರಿಯುತ್ತಿದ್ದ ತಪ್ಪು ತಿಳುವಳಿಕೆಯನ್ನು ಮುನ್ನೂರು ಪುಟ ಎಳೆದಿದ್ದರೆ ಅದು ಕಳಪೆ. ನನಗೆ ಭಯ ಇರುವುದು ಒಂದೇ ಬಗೆಯ ಕಥೆಗೆ. ಹುಡುಗ ಕೈ ಹಿಡಿದು ಎಳೆದು, ಹಿಂಬಾಲಿಸಿ, ಬೆದರಿಸಿ, ಆಮೇಲೆ ಅದನ್ನೇ ಪ್ರೀತಿ ಎಂದು ತೋರಿಸುತ್ತಾರಲ್ಲ, ಅದಕ್ಕೆ. ಆ ಪುಸ್ತಕ ಕಸಿದುಕೊಳ್ಳಬೇಡಿ. ನೀವೂ ಓದಿ, 'ಇವನನ್ನು ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂದು ಊಟದ ಹೊತ್ತಿಗೆ ಕೇಳಿ. ನಿಮ್ಮ ಕಾಲದಲ್ಲಿ ನೀವು ದಿಂಬಿನ ಕೆಳಗೆ ಏನು ಇಟ್ಟುಕೊಂಡಿದ್ದಿರಿ ಎಂಬುದನ್ನೂ ಹೇಳಿದರೆ ಒಳ್ಳೆಯದು.

ಪತ್ತೇದಾರಿ, ಪ್ರೇಮ ಎಲ್ಲ ಓದುವುದು ಟೈಂ ವೇಸ್ಟ್ ಅಲ್ಲವಾ?

ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಫೋರ್ಟಿನ ಹೋಟೆಲಿಗೆ ಬಂದ ನನಗೆ, ರಾತ್ರಿ ಶಾಲೆ ಮುಗಿಸಿ ಬಂದ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಿಗದಿದ್ದರೆ ಓದುವ ಅಭ್ಯಾಸವೇ ಹತ್ತುತ್ತಿರಲಿಲ್ಲ. ಮುಂದಿನ ಪ್ರಶ್ನೆ.

ಹದಿನೈದು ನಿಮಿಷದಲ್ಲಿ ಕಾದಂಬರಿಯ ಸಾರಾಂಶ ಹೇಳುವ ಆ್ಯಪ್ ಯಾವುದು ಒಳ್ಳೆಯದು? ವೇಗವಾಗಿ ಓದುವ ಕೋರ್ಸಿಗೆ ಸೇರಲಾ?

ಎರಡೂ ಬೇಡ. ಬಿರಿಯಾನಿ ಹೇಗಿತ್ತು ಎಂದು ಇನ್ನೊಬ್ಬರಿಂದ ಕೇಳಿ ಹೊಟ್ಟೆ ತುಂಬಿಸಿಕೊಂಡವರು ಇದ್ದರೆ ಹೇಳಿ. ವರ್ಷಕ್ಕೆ ನೂರು ಪುಸ್ತಕ ಓದಿಸುತ್ತೇನೆ ಎಂದು ಫೀಸು ತೆಗೆದುಕೊಳ್ಳುವವರು ನಿಮ್ಮ ಜೇಬನ್ನು ಮಾತ್ರ ವೇಗವಾಗಿ ಓದುತ್ತಾರೆ.

ಪಿಡಿಎಫ್ ಇದ್ದರೆ ಕಳಿಸ್ತೀರಾ?

ಇಲ್ಲ.

ಕೊನೆಯ ಪುಟ ಮೊದಲು ಓದುವ ಚಟ ಇದೆ. ತಪ್ಪಾ?
— ನಮ್ಮ ಗ್ರಂಥಾಲಯದ ಸದಸ್ಯರು, ಹೆಸರು ಬರೆದಿಲ್ಲ

ತಪ್ಪೇನಿಲ್ಲ, ನಿಮ್ಮ ಪುಸ್ತಕ, ನಿಮ್ಮ ಕಣ್ಣು. ಆದರೆ ಎರಡನೇ ಕಪಾಟಿನ ಪತ್ತೇದಾರಿ ಕಾದಂಬರಿಯೊಂದರ ಆರನೇ ಪುಟದಲ್ಲಿ ಪೆನ್ಸಿಲಿನಿಂದ 'ಅಡುಗೆಯವನೇ ಕೊಂದದ್ದು' ಎಂದು ಬರೆದವರು ನೀವೇ ಆಗಿದ್ದರೆ, ಈ ಭಾನುವಾರ ಒಂದು ರಬ್ಬರ್ ಹಿಡಿದುಕೊಂಡು ಬನ್ನಿ.