ನಿದ್ದೆ, ಸೂಜಿ, ಅಂಕ: ಆರೋಗ್ಯ ವಿದ್ಯಾರ್ಥಿಗಳ ಪ್ರಶ್ನೆಗಳು

ವೈದ್ಯಕೀಯ, ನರ್ಸಿಂಗ್ ಮತ್ತು ಇತರ ಆರೋಗ್ಯ ವಿಷಯಗಳನ್ನು ಓದುವವರಿಂದ, ಕಲಿಸುವವರಿಂದ ಬಂದ ಪತ್ರಗಳಲ್ಲಿ ಆರಕ್ಕೆ ಈ ಸಂಚಿಕೆಯಲ್ಲಿ ಉತ್ತರವಿದೆ. ಬರೆದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ನಾನು ವೈದ್ಯಕೀಯ ಎರಡನೇ ವರ್ಷದಲ್ಲಿದ್ದೇನೆ. ನಮ್ಮಂಥವರಲ್ಲಿ ನಾಲ್ವರಿಗೆ ಒಬ್ಬರು ಖಿನ್ನತೆಯಲ್ಲಿದ್ದಾರೆ ಎಂದು ಓದಿದೆ. ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ಲಕ್ಷಣ ಅಳೆಯುವ ಪ್ರಶ್ನಾವಳಿ ತುಂಬಿದಾಗ ನನಗೆ 12 ಅಂಕ ಬಂತು. ಪರೀಕ್ಷೆ ಮುಗಿದು ಮೂರೇ ದಿನವಾಗಿತ್ತು. ಇದು ಕಾಯಿಲೆಯೋ, ಓದಿನ ದಣಿವೋ?

ಉತ್ತರ: ಆ ಅಂಕಿಯ ಮೂಲ 2016ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಇರಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಶೇ 27.2ರಷ್ಟು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದವು. ‘ಅಥವಾ ಅದರ ಲಕ್ಷಣಗಳು’ ಎಂಬ ಮಾತು ಸುದ್ದಿಯಾಗುವ ಹೊತ್ತಿಗೆ ಬಿಟ್ಟುಹೋಗುತ್ತದೆ. ಅಲ್ಲಿದ್ದ ಬಹುಪಾಲು ಅಧ್ಯಯನಗಳು ನೀವು ತುಂಬಿದಂಥ ಪ್ರಶ್ನಾವಳಿಗಳನ್ನೇ ನೆಚ್ಚಿಕೊಂಡಿದ್ದವು. ವೈದ್ಯರು ಎದುರು ಕೂತು ಮಾಡಿದ ರೋಗನಿರ್ಣಯ ಅದಲ್ಲ. ಹಾಗೆಂದು ಹಗುರವಾಗಿ ಕಾಣುವ ವಿಷಯವೂ ಅಲ್ಲ.

ಪಿಎಚ್‌ಕ್ಯೂ-9 ಕೇಳುವುದು ಹಿಂದಿನ ಎರಡು ವಾರದ ಬಗ್ಗೆ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕೂ ಹೆಚ್ಚು ಬಂದರೆ ವೈದ್ಯರ ಜೊತೆ ಮಾತಾಡಬೇಕು ಎಂದರ್ಥ. ಆದರೆ 12 ಎಲ್ಲಿಂದ ಬಂತು ಎನ್ನುವುದು ಮೊತ್ತದಷ್ಟೇ ಮುಖ್ಯ. ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ ಈ ನಾಲ್ಕರಲ್ಲೇ ಮೂರು ಮೂರು ಬಿದ್ದಿದ್ದರೆ ಪರೀಕ್ಷೆಯ ಹದಿನೈದು ದಿನವೇ ಅದಕ್ಕೆ ಕಾರಣವಿರಬಹುದು. ಮೊದಲ ಎರಡು ಪ್ರಶ್ನೆಗಳನ್ನು ಮತ್ತೆ ತೆಗೆದು ನೋಡಿ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ಅಲ್ಲಿ ಒಂದಕ್ಕಾದರೂ 2 ಅಥವಾ 3 ಕೊಟ್ಟಿದ್ದರೆ ದಣಿವು ಎಂದು ತಳ್ಳಿಹಾಕಬೇಡಿ, ಈ ವಾರವೇ ವೈದ್ಯರನ್ನು ನೋಡಿ. ಇಲ್ಲವಾದರೆ ಸರಿಯಾಗಿ ನಿದ್ದೆ ಮಾಡಿ, ಎರಡು ವಾರ ಬಿಟ್ಟು ಮತ್ತೆ ತುಂಬಿ. ಆಗಲೂ ಹತ್ತು ಅಥವಾ ಅದಕ್ಕೂ ಹೆಚ್ಚಿದ್ದರೆ ಕಾಯಬೇಡಿ. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನ್ನನ್ನು ತಾನು ನೋಯಿಸಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಇದ್ದರೂ ಮೊತ್ತ ಲೆಕ್ಕಕ್ಕಿಲ್ಲ, ಅದೇ ದಿನ ಒಬ್ಬರಿಗೆ ಹೇಳಬೇಕು.

ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಕಿ ಇದೆ. ಖಿನ್ನತೆಯ ಲಕ್ಷಣ ಇದ್ದವರಲ್ಲಿ ಚಿಕಿತ್ಸೆ ಕೇಳಿಕೊಂಡು ಹೋದವರು ಶೇ 15.7 ಮಾತ್ರ. ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚುವುದು ಇದೇ. ಸಮಯವಿಲ್ಲ, ವಿಷಯ ಹೊರಗೆ ಗೊತ್ತಾದೀತು ಎಂಬ ಅಂಜಿಕೆ ಈ ಹಿಂಜರಿಕೆಯ ಹಿಂದೆ ಇರುತ್ತದೆ. ಆದ್ದರಿಂದ ನಿಮಗೆ ಅಂಕ ಹಾಕುವ ಅಧ್ಯಾಪಕರ ಬಳಿ ಚಿಕಿತ್ಸೆಗೆ ಹೋಗಬೇಡಿ, ಸಂಸ್ಥೆಗೆ ಸಂಬಂಧವಿಲ್ಲದ ವೈದ್ಯರನ್ನು ಹುಡುಕಿಕೊಳ್ಳಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಬೇಕೇ ಎಂದು ಅವರನ್ನೇ ಕೇಳಿ. ಸೀನಿಯರ್ ಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ಶುರು ಮಾಡಬೇಡಿ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ವಾರಗಳು ಬೇಕು. ಇಪ್ಪತ್ತೈದರ ಒಳಗಿನವರಲ್ಲಿ ಮೊದಮೊದಲು ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು, ಆಗ ಗಮನಿಸಲು ಒಬ್ಬರು ಇರಲೇಬೇಕು.

ಪ್ರಶ್ನೆ: ಇಂಟರ್ನ್‌ಶಿಪ್‌ನಲ್ಲಿದ್ದೇನೆ. ರಾತ್ರಿ ಡ್ಯೂಟಿಯಲ್ಲಿ ಮೂರು ಗಂಟೆ ದಾಟಿದರೆ ತಲೆ ಓಡುವುದಿಲ್ಲ. ಕಾಫಿ ಕುಡಿದರೆ ಬೆಳಿಗ್ಗೆ ನಿದ್ದೆ ಬರುವುದಿಲ್ಲ. ಅಭ್ಯಾಸವಾಗುತ್ತದೆ ಎನ್ನುತ್ತಾರೆ, ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಅಭ್ಯಾಸವಾಯಿತು ಎಂಬ ಭಾವನೆ ಬರುತ್ತದೆ, ಕೆಲಸದಲ್ಲಿ ತಪ್ಪು ಕಡಿಮೆಯಾಗುವುದಿಲ್ಲ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ ಅದು ಶೇ 0.10ರ ಹತ್ತಿರ ಬಂತು.

ಮೊದಲ ರಾತ್ರಿ ಪಾಳಿಗೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಪಾಳಿಯಲ್ಲಿ ಬಿಡುವು ಸಿಕ್ಕರೆ 20 ನಿಮಿಷಕ್ಕೆ ಅಲಾರಂ ಇಟ್ಟು ಕಣ್ಣು ಮುಚ್ಚಿ. ನಲವತ್ತು ನಿಮಿಷ ಸಿಕ್ಕಿತೆಂದು ಪೂರ್ತಿ ಮಲಗಿದರೆ ಗಾಢ ನಿದ್ದೆಯ ನಡುವಿನಿಂದ ಏಳಬೇಕಾಗುತ್ತದೆ, ಆ ಮಂಪರು ಅರ್ಧ ಗಂಟೆಯವರೆಗೂ ಬಿಡದು. ಚಿಕ್ಕ ನಿದ್ದೆಯಿಂದ ಎದ್ದ ಮೇಲೂ ಹದಿನೈದು ನಿಮಿಷ ಔಷಧದ ಡೋಸ್ ಲೆಕ್ಕಕ್ಕೆ ಕೈ ಹಾಕಬೇಡಿ. ದೇಹದ ಉಷ್ಣತೆ ತಳಮುಟ್ಟುವ ಮೂರರಿಂದ ಐದು ಗಂಟೆಯ ನಡುವೆ ಇನ್ಸುಲಿನ್, ಪೊಟ್ಯಾಸಿಯಂನಂಥ ಡೋಸ್‌ಗಳನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿಯೇ ಕೊಡಿ. ಇನ್ನು ಕಾಫಿ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮಲಗುವವರು ಕೊನೆಯ ಕಪ್ಪನ್ನು ರಾತ್ರಿ ಎರಡು ಗಂಟೆಗೆ ಮೊದಲೇ ಮುಗಿಸಬೇಕು. ಮೂರಕ್ಕೆ ತೂಕಡಿಕೆ ಬಂದಾಗ ಕುಡಿಯುವುದರಿಂದಲೇ ನಿಮ್ಮ ಹಗಲು ನಿದ್ದೆ ಕೆಡುತ್ತಿರುವುದು.

ಮನೆಗೆ ಗಾಡಿ ಓಡಿಸಿಕೊಂಡು ಹೋಗಬೇಡಿ. ಅಮೆರಿಕದ 2,737 ಇಂಟರ್ನ್‌ಗಳನ್ನು ಗಮನಿಸಿದ 2005ರ ಅಧ್ಯಯನದಲ್ಲಿ, ದೀರ್ಘ ಪಾಳಿ ಮುಗಿಸಿ ಹೊರಟಾಗ ಅಪಘಾತದ ಸಂಭವ ಉಳಿದ ದಿನಗಳಿಗಿಂತ ಎರಡು ಪಟ್ಟಿಗೂ ಮೇಲಿತ್ತು.

ಪಾಳಿಪಟ್ಟಿ ಹಾಕುವವರಿಗೂ ಒಂದು ಮಾತು. 2004ರ ಅಧ್ಯಯನವೊಂದು ತೀವ್ರ ನಿಗಾ ಘಟಕಗಳಲ್ಲಿ ಹೋಲಿಸಿ ನೋಡಿದಾಗ, 24 ಗಂಟೆ ದಾಟುವ ಪಾಳಿಗಳಿದ್ದ ಹಳೆಯ ಪಟ್ಟಿಯಲ್ಲಿ ಇಂಟರ್ನ್‌ಗಳ ಗಂಭೀರ ತಪ್ಪುಗಳು ಶೇ 35.9 ಹೆಚ್ಚಿದ್ದವು. ಆದರೆ 2020ರಲ್ಲಿ ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ಪಾಳಿಯನ್ನು ಮೊಟಕು ಮಾಡಿದಾಗ ತಪ್ಪುಗಳು ಏರಿದವು. ಪಾಳಿ ಕುಗ್ಗಿತ್ತು, ಒಬ್ಬೊಬ್ಬರ ತಲೆಗೆ ಬಿದ್ದ ರೋಗಿಗಳ ಸಂಖ್ಯೆ ಹೆಚ್ಚಿತ್ತು. ಆ ಹೊರೆಯನ್ನು ಲೆಕ್ಕಕ್ಕೆ ಹಿಡಿದಾಗ ತಪ್ಪುಗಳ ಏರಿಕೆ ಉಳಿಯಲಿಲ್ಲ. ಗಂಟೆ ಕಡಿಮೆ ಮಾಡಿ ಅದೇ ಜನರಿಂದ ಅಷ್ಟೇ ಕೆಲಸ ತೆಗೆಯುತ್ತೇವೆ ಎಂದರೆ ಪ್ರಯೋಜನವಿಲ್ಲ.

ಪ್ರಶ್ನೆ: ಬರ್ನೌಟ್ ಮತ್ತು ಖಿನ್ನತೆ ಎರಡೂ ಒಂದೇನಾ?

ಉತ್ತರ: ಅಲ್ಲ, ಒಂದರೊಳಗೊಂದು ಬೆರೆತಿರಬಹುದು. ಬರ್ನೌಟ್ ಎಂದರೆ ಕೆಲಸದ ಒತ್ತಡ ಬಹುಕಾಲ ಮುಂದುವರಿದು ಬಳಲಿ ಬೇಸತ್ತುಹೋಗುವುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಬರ್ನೌಟನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎನ್ನುತ್ತದೆ, ಕಾಯಿಲೆ ಎನ್ನುವುದಿಲ್ಲ. ರಜೆಯ ನಾಲ್ಕನೇ ದಿನ ಗೆಳೆಯರೊಡನೆ ನಗು ಬರುತ್ತಿದ್ದು, ವಾರ್ಡ್ ನೆನೆದರೆ ಮಾತ್ರ ಮನಸ್ಸು ಮುದುಡಿದರೆ ಬರ್ನೌಟ್ ಕಡೆಗೆ ಒಲವು. ರಜೆಯಲ್ಲೂ ಇಷ್ಟದ ಯಾವುದೂ ಹಿಡಿಸದಿದ್ದರೆ ಖಿನ್ನತೆಯ ಕಡೆಗೆ. ಶೇಕಡಾವಾರು ಸುದ್ದಿಗಳನ್ನು ಎಚ್ಚರದಿಂದ ಓದಿ. ವೈದ್ಯರ ಬರ್ನೌಟ್ ಬಗ್ಗೆ 182 ಅಧ್ಯಯನಗಳನ್ನು 2018ರಲ್ಲಿ ಪರಿಶೀಲಿಸಿದಾಗ ಅದಕ್ಕೆ ಕನಿಷ್ಠ 142 ಬಗೆಯ ವ್ಯಾಖ್ಯೆ ಸಿಕ್ಕಿತ್ತು.

ಪ್ರಶ್ನೆ: ನರ್ಸಿಂಗ್ ಮೂರನೇ ವರ್ಷ. ಐವಿ ಕ್ಯಾನುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕುವಾಗ ಸೀನಿಯರ್ ಪಕ್ಕ ನಿಂತರೆ ಕೈ ನಡುಗುತ್ತದೆ. ರಕ್ತ ಕಾಣಿಸುತ್ತದೆ, ಆದರೂ ಕ್ಯಾನುಲಾ ಒಳಗೆ ಹೋಗದೆ ಆ ಜಾಗ ಊದಿಕೊಳ್ಳುತ್ತದೆ. ಈಗ ಟ್ರೇ ಎತ್ತಿಕೊಳ್ಳುವುದಕ್ಕೇ ಭಯ.

ಉತ್ತರ: ಭಯಕ್ಕೆ ಮದ್ದು ಹುಡುಕುವ ಮುನ್ನ ತಪ್ಪು ಎಲ್ಲಾಗುತ್ತಿದೆ ನೋಡೋಣ, ನಿಮ್ಮ ಪತ್ರದಲ್ಲೇ ಅದು ಇದೆ. ಸೂಜಿಯ ತುದಿ ಕ್ಯಾನುಲಾದ ತುದಿಗಿಂತ ಒಂದೆರಡು ಮಿಲಿಮೀಟರ್ ಮುಂದಿರುತ್ತದೆ. ರಕ್ತ ಕಂಡ ಕ್ಷಣದಲ್ಲಿ ಸೂಜಿ ಮಾತ್ರ ನಾಳದೊಳಗಿದೆ, ಪ್ಲಾಸ್ಟಿಕ್ ಕೊಳವೆ ಇನ್ನೂ ಹೊರಗೇ ಇದೆ. ಅಲ್ಲಿಂದಲೇ ಕೊಳವೆಯನ್ನು ತಳ್ಳಿದರೆ ಅದು ನಾಳದ ಗೋಡೆಗೆ ಒತ್ತಿ ಜಾರುತ್ತದೆ, ಆ ಜಾಗ ಊದಿಕೊಳ್ಳುತ್ತದೆ. ರಕ್ತ ಕಂಡೊಡನೆ ಕೋನ ತಗ್ಗಿಸಿ, ಚರ್ಮಕ್ಕೆ ಹೆಚ್ಚುಕಡಿಮೆ ಸಮನಾಗಿ ಹಿಡಿದು, ಇಡಿಯಾಗಿ ಎರಡು ಮಿಲಿಮೀಟರ್ ಮುಂದೆ ಒಯ್ಯಿರಿ. ಆಮೇಲೆ ಸೂಜಿಯನ್ನು ಅಲುಗಿಸದೆ ಕೊಳವೆಯನ್ನಷ್ಟೇ ಜಾರಿಸಿ. ಇಷ್ಟು ಹೊತ್ತೂ ಇನ್ನೊಂದು ಕೈಯ ಹೆಬ್ಬೆರಳು ಚರ್ಮವನ್ನು ಕೆಳಕ್ಕೆ ಬಿಗಿಯಾಗಿ ಎಳೆದಿರಬೇಕು. ನಡುಗುವವರು ಮೊದಲು ಸಡಿಲಿಸುವುದು ಈ ಹೆಬ್ಬೆರಳನ್ನೇ. ಕೂತು ಮಾಡಿ, ಚುಚ್ಚುವ ಕೈಯ ಕಿರುಬೆರಳನ್ನು ರೋಗಿಯ ತೋಳಿನ ಮೇಲೆ ಊರಿ. ನಡುಕ ಇದ್ದರೂ ಸೂಜಿಯ ತುದಿಗೆ ಮುಟ್ಟುವುದು ಕಡಿಮೆಯಾಗುತ್ತದೆ.

ಕಲಿಸುವ ರೀತಿಯಲ್ಲೂ ಕೊರತೆ ಇರುತ್ತದೆ. ‘ಒಂದು ಸಲ ನೋಡು, ಮುಂದಿನದು ನೀನೇ ಮಾಡು’ ಎಂಬ ರೂಢಿಯಲ್ಲಿ ನಡುವಿನ ಎರಡು ಮೆಟ್ಟಿಲು ಕಳೆದುಹೋಗುತ್ತವೆ. ಕೈಕೆಲಸ ಕಲಿಸುವ ಪೇಟನ್ ವಿಧಾನದಲ್ಲಿ ನಾಲ್ಕಿವೆ: ಕಲಿಸುವವರು ಮಾತಿಲ್ಲದೆ ಎಂದಿನ ವೇಗದಲ್ಲಿ ಮಾಡಿ ತೋರಿಸುವುದು; ಪ್ರತಿ ಹಂತ ವಿವರಿಸುತ್ತ ಮತ್ತೆ ಮಾಡುವುದು; ಕಲಿಯುವವರು ಹಂತಗಳನ್ನು ಬಾಯಲ್ಲಿ ಹೇಳುತ್ತ ಹೋದಂತೆ ಕಲಿಸುವವರು ಮಾಡುವುದು; ಕೊನೆಗೆ ಕಲಿಯುವವರೇ ಹೇಳುತ್ತ ಮಾಡುವುದು. ಮೂರನೆಯದನ್ನು ಬಿಡಬೇಡಿ. ಕೈ ಆಡಿಸುವ ಒತ್ತಡವಿಲ್ಲದೆ ತಲೆಯಲ್ಲಿ ಕ್ರಮ ಕೂರುವುದು ಆಗಲೇ. ‘ನಾನು ಹಂತ ಹೇಳುತ್ತೇನೆ, ಒಮ್ಮೆ ನೀವು ಮಾಡುತ್ತೀರಾ?’ ಎಂದು ಸೀನಿಯರನ್ನು ಕೇಳಿ, ಇಲ್ಲ ಎನ್ನುವವರು ಕಡಿಮೆ.

ಕೃತಕ ತೋಳಿನ ಮೇಲಿನ ಅಭ್ಯಾಸವನ್ನು ಒಂದೇ ದಿನ ಮುಗಿಸಬೇಡಿ. ಸಣ್ಣ ರಕ್ತನಾಳ ಹೊಲಿಯುವ ತರಬೇತಿಯನ್ನು ಒಂದೇ ದಿನ ನಾಲ್ಕು ಅವಧಿಯಾಗಿ, ಇಲ್ಲವೇ ವಾರಕ್ಕೊಂದರಂತೆ ನಾಲ್ಕು ವಾರ ಕೊಟ್ಟು ಹೋಲಿಸಿದ 2006ರ ಪ್ರಯೋಗದಲ್ಲಿ, ತಿಂಗಳ ನಂತರ ಚೆನ್ನಾಗಿ ಮಾಡಿದವರು ವಾರಕ್ಕೊಮ್ಮೆ ಕಲಿತವರು. ರೋಗಿಯ ಮೇಲೆ ಎರಡು ಸಲ ತಪ್ಪಿದರೆ ಕೈ ತೆಗೆದು ಇನ್ನೊಬ್ಬರನ್ನು ಕರೆಯಿರಿ. ಈ ನಿಯಮವನ್ನು ಮೊದಲೇ ಗಟ್ಟಿ ಮಾಡಿಕೊಂಡರೆ ಮೂರನೇ ಚುಚ್ಚಿನ ಹಟ ಹುಟ್ಟುವುದಿಲ್ಲ.

ಪ್ರಶ್ನೆ: ಗೆಳತಿಗೆ ಬಳಸಿದ ಸೂಜಿ ಚುಚ್ಚಿತು. ಬೈಸಿಕೊಳ್ಳಬೇಕಾಗುತ್ತದೆ ಎಂದು ಯಾರಿಗೂ ಹೇಳಿಲ್ಲ. ನಿನ್ನೆ ಸಂಜೆ ಆದದ್ದು. ಇನ್ನು ಹೇಳಿ ಪ್ರಯೋಜನವಿದೆಯೇ?

ಉತ್ತರ: ಇದೆ, ಪತ್ರಿಕೆ ಕೆಳಗಿಟ್ಟು ಈಗಲೇ ಕರೆದುಕೊಂಡು ಹೋಗಿ. ನಿಮ್ಮ ಪತ್ರಕ್ಕೆ ಕೂಡಲೇ ಪ್ರತ್ಯೇಕವಾಗಿ ಉತ್ತರಿಸಿದ್ದೇವೆ, ಉಳಿದವರಿಗೆ ಉಪಯೋಗವಾಗಲೆಂದು ಇಲ್ಲಿ ಕೊಟ್ಟಿದ್ದೇವೆ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಕೆಲವೇ ಗಂಟೆಗಳಲ್ಲಿ ಶುರು ಮಾಡುವುದು ಉತ್ತಮ. 72 ಗಂಟೆಯ ಒಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಂಭವ ಸುಮಾರು ಶೇ 0.3, ಅಂದರೆ ಚಿಕಿತ್ಸೆ ಇಲ್ಲದೆಯೂ ಸಾವಿರಕ್ಕೆ ಮೂರು. ಲಸಿಕೆ ಹಾಕಿಸಿಕೊಳ್ಳದವರಲ್ಲಿ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಾಲು ಸುಲಭವಾಗಿ ಹರಡುತ್ತದೆ. ಆದ್ದರಿಂದ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎನ್ನುವುದನ್ನು ಮೊದಲು ಹೇಳಿ.

ಚುಚ್ಚಿದ ಕ್ಷಣ ಮಾಡಬೇಕಾದ್ದು ಸೋಪು, ಹರಿಯುವ ನೀರು, ಅಷ್ಟೇ. ಹಿಂಡಬೇಡಿ, ಬ್ಲೀಚ್ ಹಾಕಬೇಡಿ, ಬಾಯಿಗಿಡಬೇಡಿ. ರಕ್ತ ಕಣ್ಣಿಗೆ ಸಿಡಿದಿದ್ದರೆ ಬರೀ ನೀರಿನಿಂದ ತೊಳೆಯಿರಿ. ನಂತರ ವರದಿ, ರೋಗಿಯ ಒಪ್ಪಿಗೆ ಪಡೆದು ಅವರ ರಕ್ತಪರೀಕ್ಷೆ, ನಿಮ್ಮದೂ ಒಂದು ಆರಂಭದ ಪರೀಕ್ಷೆ.

ನಿಮ್ಮ ಗೆಳತಿ ಒಬ್ಬಳೇ ಅಲ್ಲ. ಅಮೆರಿಕದ ಶಸ್ತ್ರಚಿಕಿತ್ಸಾ ತರಬೇತಿಯಲ್ಲಿದ್ದವರನ್ನು 2007ರಲ್ಲಿ ಕೇಳಿದಾಗ ಕೊನೆಯ ವರ್ಷದ ಹೊತ್ತಿಗೆ ಶೇ 99 ಮಂದಿಗೆ ಸೂಜಿ ಚುಚ್ಚಿತ್ತು. ತೀರಾ ಇತ್ತೀಚೆಗೆ ಆದ ಚುಚ್ಚುಗಳಲ್ಲಿ ಶೇ 51 ವರದಿಯೇ ಆಗಿರಲಿಲ್ಲ. ಸೂಜಿಗೆ ಮತ್ತೆ ಮುಚ್ಚಳ ಹಾಕುವುದು, ಮುಕ್ಕಾಲು ದಾಟಿ ತುಂಬಿದ ಡಬ್ಬಿಗೆ ತುರುಕುವುದು, ಪಾಳಿ ಮುಗಿಯುವ ಅವಸರ: ಇವು ಚುಚ್ಚಲು ಕಾರಣ. ಇವುಗಳಲ್ಲಿ ಯಾವುದೂ ಬೈಗುಳದಿಂದ ಸರಿಹೋಗುವುದಿಲ್ಲ. ಬೈದರೆ ಮುಂದಿನವಳು ಹೇಳುವುದಿಲ್ಲ, ಅಷ್ಟೇ.

ಪ್ರಶ್ನೆ: ಕಾಲೇಜಿನಲ್ಲಿ ವಿದ್ಯಾರ್ಥಿ ಕ್ಷೇಮದ ಜವಾಬ್ದಾರಿ ನನಗಿದೆ. ಒಂದು ದಿನದ ಒತ್ತಡ ನಿರ್ವಹಣೆ ಕಾರ್ಯಾಗಾರ ಇಡೋಣ ಎಂದಿದ್ದಾರೆ. ಸಾಕೇ?

ಉತ್ತರ: ಸಾಲದು. ಆರೋಗ್ಯ ವಿದ್ಯಾರ್ಥಿಗಳ ಮನೋಬಲ ಹೆಚ್ಚಿಸುವ ತರಬೇತಿಗಳ 30 ಪ್ರಯೋಗಗಳನ್ನು, ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪರಿಶೀಲಿಸಿದಾಗ ಸ್ವಲ್ಪ ಲಾಭ ಕಂಡರೂ ಪುರಾವೆ ತೀರಾ ದುರ್ಬಲವಾಗಿತ್ತು. ಸೇರಲು ಇಷ್ಟವಿದ್ದವರಿಗೆ ವಾರವಾರ ನಡೆಯುವ ಏಳೆಂಟು ವಾರದ ಧ್ಯಾನ ತರಗತಿ ಇಡಬಹುದು. ಹಾಜರಾತಿ ಕಡ್ಡಾಯ ಮಾಡಿ ಭಾನುವಾರ ಕೂರಿಸಿದರೆ ಅದೇ ಇನ್ನೊಂದು ಹೊರೆ.

ಅದೇ ಹಣ, ಅದೇ ಶ್ರಮವನ್ನು ವೇಳಾಪಟ್ಟಿಗೆ ಮತ್ತು ಅಂಕಪದ್ಧತಿಗೆ ಹಾಕಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಮೊದಲೆರಡು ವರ್ಷ ಶ್ರೇಣಿ ಬಿಟ್ಟು ಪಾಸು–ಫೇಲು ಮಾತ್ರ ಇಟ್ಟಾಗ ವಿದ್ಯಾರ್ಥಿಗಳ ಮಾನಸಿಕ ನೆಮ್ಮದಿ ಹೆಚ್ಚಿತು, ಪರೀಕ್ಷೆಯ ಸಾಧನೆ ಕುಸಿಯಲಿಲ್ಲ. ಆ ವರದಿ ಬಂದದ್ದು 2009ರಲ್ಲಿ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಪಾಸು–ಫೇಲಿನ ಜೊತೆಗೆ ಪಾಠದ ಗಂಟೆಗಳನ್ನೂ ಶೇ 10ರಷ್ಟು ಕಡಿತಗೊಳಿಸಿದರು, ಕಲಿಕಾ ಬಳಗಗಳನ್ನು ಕಟ್ಟಿದರು. ಖಿನ್ನತೆ, ಆತಂಕ ಎರಡೂ ಇಳಿದವು. ಪಾಸು–ಫೇಲು ಎಂದು ಹೇಳಿ ಒಳಗೊಳಗೇ ರ‍್ಯಾಂಕ್ ಪಟ್ಟಿ ಇಟ್ಟುಕೊಳ್ಳುವ ಕಡೆ ಈ ಫಲ ನಿರೀಕ್ಷಿಸಬೇಡಿ. ವಿದ್ಯಾರ್ಥಿಗಳಿಗೆ ಅದು ವಾರದೊಳಗೆ ಗೊತ್ತಾಗುತ್ತದೆ.

ಅಳೆಯುವುದಾದರೆ ಹೆಸರಿಲ್ಲದೆ, ವರ್ಷಕ್ಕೆ ಎರಡು ಸಲ, ಎರಡೂ ಸಲ ಪರೀಕ್ಷೆಯಿಂದ ಒಂದೇ ದೂರದಲ್ಲಿರುವ ವಾರದಲ್ಲಿ ಅಳೆಯಿರಿ. ಒಮ್ಮೆ ಪರೀಕ್ಷೆಯ ಮುಂಚೆ, ಇನ್ನೊಮ್ಮೆ ರಜೆಯ ನಂತರ ಅಳೆದರೆ ಏನೂ ಮಾಡದೆಯೇ ಸುಧಾರಣೆ ಕಾಣುತ್ತದೆ. ಹೆಸರಿಲ್ಲದ ಪ್ರಶ್ನಾವಳಿಯಲ್ಲಿ ಆತ್ಮಹತ್ಯೆಯ ಪ್ರಶ್ನೆಗೆ ‘ಹೌದು’ ಎಂದವರು ಯಾರೆಂದು ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಅದೇ ಪುಟದ ಕೊನೆಯಲ್ಲಿ ಆಪ್ತಸಮಾಲೋಚಕರ ಫೋನ್ ಸಂಖ್ಯೆ, ಸಿಗುವ ವೇಳೆ, ರಾತ್ರಿ ಸಿಗುವ ಸಹಾಯವಾಣಿ ಇರಲಿ. ಆ ಸಂಖ್ಯೆಗೆ ಹಿಂದಿನ ರಾತ್ರಿ ನೀವೇ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ನೋಡಿಕೊಳ್ಳಿ. ಹೊಸಬರಿಗೆ ಮೊದಲ ತಿಂಗಳಲ್ಲೇ ಸಮಾಲೋಚಕರ ಜೊತೆ ಅರ್ಧ ಗಂಟೆಯ ಭೇಟಿ ಎಲ್ಲರಿಗೂ ನಿಗದಿಯಾಗಿರಲಿ, ಬೇಡದವರು ಬಿಡಬಹುದು. ಎಲ್ಲರೂ ಹೋಗುವ ಬಾಗಿಲಾದರೆ ಯಾರು ಹೋದರು ಎಂದು ನೋಡುವವರು ಇರುವುದಿಲ್ಲ. ಆ ಭೇಟಿಯನ್ನು ಪಾಠದ ವೇಳೆಯಲ್ಲೇ ಇಡಿ, ಹಾಜರಾತಿ ಕೊಡಿ.