ನಿಮ್ಮ ಪಟ್ಟಿಯ 1991ರ ಸಾಲು

ನಮಸ್ಕಾರ.

ಭಾರತದ ವಿದೇಶಿ ವಿನಿಮಯ ಮತ್ತು ಚಿನ್ನದ ಮೀಸಲಿನ ಬಗ್ಗೆ, ಎಪ್ಪತ್ತು ವರ್ಷದ ಅಂಕಿಗಳ ಪಟ್ಟಿ ಹಾಕಿ, ನೀವು ಕಳಿಸಿದ ಲೇಖನ ಸಿಕ್ಕಿತು. ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ‘ಪ್ರಕಟಣೆಗೆ ಸೂಕ್ತವಾಗಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ಪಟ್ಟಿಯೊಳಗೆ ಒಂದು ಒಳ್ಳೆಯ ಕಥೆ ಇದೆ. ನೀವೇ ಅದನ್ನು ದಾಟಿಕೊಂಡು ಹೋಗಿದ್ದೀರಿ. ಅದಕ್ಕೇ ಈ ಪತ್ರ.

ಮೊದಲ ಪುಟ ಪೂರ್ತಿ ತೆಗೆಯಿರಿ. ‘ಚಿನ್ನವೆಂದರೆ ಭಾರತೀಯರ ಭಾವನೆ’ ಅಂತ ಶುರುಮಾಡಿ ಅಕ್ಷಯ ತೃತೀಯಕ್ಕೆ ಹೋಗಿ, ಅಲ್ಲಿಂದ ಮದುವೆ ಮನೆಗೆ ಹೋಗಿದ್ದೀರಿ. ರಿಸರ್ವ್ ಬ್ಯಾಂಕ್ ಬರುವಷ್ಟರಲ್ಲಿ ನಾನು ಕಾಫಿ ಮುಗಿಸಿದ್ದೆ.

ಈಗ ಪಟ್ಟಿಗೆ ಬರೋಣ. 1990ರ ಮಾರ್ಚ್ ಕೊನೆಗೆ ಒಟ್ಟು ಮೀಸಲು ಸುಮಾರು 396 ಕೋಟಿ ಡಾಲರ್, 1991ರ ಮಾರ್ಚ್ ಕೊನೆಗೆ ಸುಮಾರು 583 ಕೋಟಿ ಅಂತ ಕೊಟ್ಟಿದ್ದೀರಿ. ಅಂಕಿ ಸರಿ ಇದೆ. ಅದರ ಕೆಳಗೆ ‘ಮುಂದಾಲೋಚನೆಯಿಂದ ಸರ್ಕಾರ ಚಿನ್ನ ಖರೀದಿಸಿತು’ ಅಂದಿದ್ದೀರಿ. ಮುಂದಿನ ಪ್ಯಾರಾದಲ್ಲಿ ‘1991ರಲ್ಲಿ ಖಜಾನೆ ಬರಿದಾಯಿತು’ ಅಂತ ಬರುತ್ತದೆ. ಹೆಚ್ಚಾದ ಖಜಾನೆ ಬರಿದಾಗಿದ್ದು ಹೇಗೆ? ನಿಮಗೆ ಅನುಮಾನ ಬರಲಿಲ್ವಾ?

ಆ ಏರಿಕೆ ಖರೀದಿಯಿಂದ ಬಂದದ್ದಲ್ಲ. ರಿಸರ್ವ್ ಬ್ಯಾಂಕ್ ತನ್ನ ಲೆಕ್ಕದಲ್ಲಿ ಚಿನ್ನಕ್ಕೆ 10 ಗ್ರಾಂಗೆ 84 ರೂಪಾಯಿ 39 ಪೈಸೆ ಎಂಬ ಹಳೆಯ ದರವನ್ನೇ ಬರೆದುಕೊಂಡು ಬಂದಿತ್ತು. 1990ರ ಅಕ್ಟೋಬರ್ 17ರಿಂದ ಅಂತರರಾಷ್ಟ್ರೀಯ ಮಾರುಕಟ್ಟೆಗೆ ಹತ್ತಿರದ ದರ ಹಿಡಿಯಲು ಶುರುಮಾಡಿತು. ಅಜ್ಜಿಯ ಎರಡೆಳೆ ಸರಕ್ಕೆ ಅವಳ ಮದುವೆ ವರ್ಷದ ದರ ಹಾಕುತ್ತಿದ್ದವರು ಒಂದು ದಿನ ಇವತ್ತಿನ ದರ ಹಾಕಿದ ಹಾಗೆ. ಸರ ಪೆಟ್ಟಿಗೆಯಲ್ಲೇ ಇತ್ತು. ಪುಸ್ತಕದಲ್ಲಿ ಮಾತ್ರ ಚಿನ್ನದ ಬೆಲೆ ಸುಮಾರು 49 ಕೋಟಿ ಡಾಲರ್‌ನಿಂದ 350 ಕೋಟಿಗೆ ಹಾರಿತು. ಅದೇ ಒಂದು ವರ್ಷದಲ್ಲಿ ವಿದೇಶಿ ಕರೆನ್ಸಿ 337 ಕೋಟಿಯಿಂದ 224 ಕೋಟಿಗೆ ಇಳಿಯಿತು. ಎಣ್ಣೆ ಬಿಲ್ ಕಟ್ಟುವುದು ಇದರಿಂದ ತಾನೆ? ನೀವು ಒಟ್ಟು ಮೊತ್ತದ ಕಾಲಂ ನೋಡಿದಿರಿ, ಪಕ್ಕದ್ದನ್ನು ನೋಡಲಿಲ್ಲ. ಕಥೆ ಇದ್ದದ್ದು ಪಕ್ಕದ್ದರಲ್ಲಿ.

ಕರೆನ್ಸಿ ಯಾಕೆ ಕರಗಿತು ಅನ್ನುವುದಕ್ಕೆ ‘ಜಾಗತಿಕ ಬೆಳವಣಿಗೆಗಳು’ ಅಂತ ಎರಡು ಪದ ಬರೆದಿದ್ದೀರಿ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಎಣ್ಣೆ ದುಬಾರಿಯಾಯಿತು. ಗಲ್ಫ್‌ನಲ್ಲಿ ದುಡಿಯುತ್ತಿದ್ದವರು ಬರಿಗೈಯಲ್ಲಿ ಊರಿಗೆ ಬಂದರು. ಅನಿವಾಸಿ ಭಾರತೀಯರು ಇಲ್ಲಿಟ್ಟ ಠೇವಣಿ ವಾಪಸ್ ತೆಗೆದುಕೊಳ್ಳತೊಡಗಿದರು. 1991ರ ಜೂನ್ ಹೊತ್ತಿಗೆ ಎರಡು-ಮೂರು ವಾರದ ಆಮದಿಗೆ ಸಾಲುವಷ್ಟು ದುಡ್ಡು ಮಾತ್ರ ಉಳಿದಿತ್ತು. ಇಷ್ಟು ಹೇಳಿದರೆ ಸಾಕು, ‘ಬೆಳವಣಿಗೆಗಳು’ ಬೇಡ.

ಇನ್ನೊಂದು ತಪ್ಪು. ‘67 ಟನ್ ಚಿನ್ನವನ್ನು ಲಂಡನ್ನಿನಲ್ಲಿ ಅಡ ಇಟ್ಟರು’ ಅಂದಿದ್ದೀರಿ. ಎರಡು ಬೇರೆ ವ್ಯವಹಾರಗಳನ್ನು ಕೂಡಿಸಿಬಿಟ್ಟಿದ್ದೀರಿ. 1991ರ ಮೇ ತಿಂಗಳಲ್ಲಿ, ಚಂದ್ರಶೇಖರ್ ಪ್ರಧಾನಿಯಾಗಿದ್ದಾಗ, 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕ್ ಮೂಲಕ ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡ್‌ಗೆ ಮಾರಿದರು. ವಾಪಸ್ ಕೊಂಡುಕೊಳ್ಳುವ ಹಕ್ಕು ಇಟ್ಟುಕೊಂಡೇ ಮಾರಿದರು. ಸಿಕ್ಕಿದ್ದು ಸುಮಾರು 20 ಕೋಟಿ ಡಾಲರ್. ಜುಲೈನಲ್ಲಿ, ನರಸಿಂಹ ರಾವ್ ಬಂದ ಮೇಲೆ, ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರಗೆ ಕಳಿಸಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ 40.5 ಕೋಟಿ ಡಾಲರ್ ಸಾಲ ತಂದಿತು. ಅದೇ ವರ್ಷ ಆ ಸಾಲ ತೀರಿತು. ಮಾರುವುದಕ್ಕೂ ಅಡ ಇಡುವುದಕ್ಕೂ ವ್ಯತ್ಯಾಸ ಏನು ಅಂತ ನಮ್ಮೂರಲ್ಲಿ ಬಳೆ ಬಿಡಿಸಿಕೊಂಡು ಬಂದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಓದುಗರು ಇಂಥಲ್ಲೇ ನಿಮ್ಮನ್ನು ಹಿಡಿಯುತ್ತಾರೆ.

‘ಕೋಲಾರದ ಚಿನ್ನ ಕಣ್ಣೀರಿಡುತ್ತಾ ವಿಮಾನ ಹತ್ತಿತು’ ಎಂಬ ವಾಕ್ಯ ನಿಮಗೆ ತುಂಬಾ ಇಷ್ಟವಾಗಿರಬೇಕು. ತೆಗೆಯಿರಿ. ಆ 20 ಟನ್ ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡಿದ್ದ ಚಿನ್ನ. ನನ್ನನ್ನು ಕೇಳಿದರೆ ಇದು ಕಣ್ಣೀರಿಗಿಂತ ಒಳ್ಳೆಯ ವಿವರ. ಯಾರೋ ಕದ್ದು ತಂದದ್ದು ಕಷ್ಟಕಾಲದಲ್ಲಿ ದೇಶದ ಕೈ ಹಿಡಿಯಿತು, ಅಲ್ವಾ?

ಕೋಲಾರ ಬೇಕೇ ಬೇಕು ಅನಿಸಿದರೆ ಒಂದು ಹೋಲಿಕೆ ಕೊಡುತ್ತೇನೆ, ಬಳಸಿಕೊಳ್ಳಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚುವವರೆಗೆ ಸುಮಾರು 120 ವರ್ಷ ನಡೆಯಿತು. ಒಟ್ಟು ತೆಗೆದದ್ದು ಸುಮಾರು 800 ಟನ್. 2024ರ ಮಾರ್ಚ್ ಕೊನೆಗೆ ರಿಸರ್ವ್ ಬ್ಯಾಂಕ್ ಬಳಿ ಇದ್ದ ಚಿನ್ನ 822 ಟನ್. ನಾಲ್ಕು ತಲೆಮಾರು ಭೂಮಿಯೊಳಗೆ ಇಳಿದು ತೆಗೆದಷ್ಟು, ಹೆಚ್ಚುಕಮ್ಮಿ. ಇದನ್ನು ಬರೆದು ಮುಂದೆ ಹೋಗಿ, ವಿವರಿಸಬೇಡಿ.

ಕೊನೆಯ ಭಾಗದಲ್ಲಿ ಎರಡು ಸಣ್ಣ ತಿದ್ದುಪಡಿ. 2009ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಿಂದ ಕೊಂಡ 200 ಟನ್ ನಿಜವಾದ ಖರೀದಿ, 670 ಕೋಟಿ ಡಾಲರ್ ಕೊಟ್ಟದ್ದು. 2024ರಲ್ಲಿ ಬ್ರಿಟನ್ನಿನಿಂದ ತಂದ 100 ಟನ್ ಹಾಗಲ್ಲ. ಅದು ಮೊದಲೇ ನಮ್ಮದು, ಅಲ್ಲಿಯ ಕಪಾಟಿನಿಂದ ಇಲ್ಲಿಯ ಕಪಾಟಿಗೆ ಬಂತು ಅಷ್ಟೇ. ನೀವು ಎರಡನ್ನೂ ‘ಹೆಚ್ಚಳ’ಕ್ಕೆ ಸೇರಿಸಿದ್ದೀರಿ. ‘70,000 ಕೋಟಿ ಡಾಲರ್ ದಾಟಿದ ಭಾರತ ಇನ್ನು ಸೂಪರ್‌ಪವರ್’ ಎಂಬುದನ್ನು ಭಾಷಣಕ್ಕೆ ಇಟ್ಟುಕೊಳ್ಳಿ.

ಎಪ್ಪತ್ತು ವರ್ಷ ಬಿಡಿ. 1990ರ ಆಗಸ್ಟ್‌ನಿಂದ 1991ರ ಡಿಸೆಂಬರ್‌ವರೆಗೆ ಮಾತ್ರ ಬರೆಯಿರಿ. ಆ 84 ರೂಪಾಯಿ 39 ಪೈಸೆಯಿಂದಲೇ ಶುರುಮಾಡಿ. 1200 ಪದ ಮೀರದಿರಲಿ. ಮೊತ್ತಗಳನ್ನೆಲ್ಲ ಕೋಟಿ ಡಾಲರ್‌ನಲ್ಲೇ ಕೊಡಿ. ಈಗ ಒಂದು ಕಡೆ ಬಿಲಿಯನ್, ಇನ್ನೊಂದು ಕಡೆ ರೂಪಾಯಿ ಅಂತ ಇದೆ. ಪಟ್ಟಿಯನ್ನು ಲೇಖನದೊಳಗೆ ಹಾಕಬೇಡಿ, ಬೇರೆ ಹಾಳೆಯಲ್ಲಿ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ